ಟೈಲ್ಸ್ ಹಾಸುವ ಮುನ್ನ ತಳವನ್ನು ಓದುವುದು: ಎರೆಸೀಮೆಯ ಮನೆಗಳಿಗೊಂದು ಅಧ್ಯಯನ ಟಿಪ್ಪಣಿ

ಟೈಲ್ಸ್ ಕೆಲಸ ಕಲಿಯಲು ಆರಂಭಿಸಿದವರ ಗಮನವೆಲ್ಲ ಸಹಜವಾಗಿ ಕಟಿಂಗಿನ ಅಚ್ಚುಕಟ್ಟು, ಜಾಯಿಂಟುಗಳ ನೇರ ಮತ್ತು ರಸಮಟ್ಟದ ಗುಳ್ಳೆಯ ಮೇಲಿರುತ್ತದೆ. ಆದರೆ ಒಂದೆರಡು ವರ್ಷಕ್ಕೇ ಎದ್ದುಬಂದ ನೆಲವನ್ನು ಕಿತ್ತು ನೋಡಿದರೆ ದೋಷವು ಬಹುಮಟ್ಟಿಗೆ ಟೈಲ್ಸಿನಲ್ಲಿರದೆ ಅದರ ಕೆಳಗಿನ ತಳದಲ್ಲಿರುತ್ತದೆ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗ, ರೋಣದ ಕಡೆ ಎರೆಮಣ್ಣು ಇರುವುದರಿಂದ, ಒಂದೇ ಅಂಗಡಿಯ ಟೈಲ್ಸನ್ನು ಒಬ್ಬನೇ ಗೌಂಡಿ ಒಂದೇ ರೀತಿಯಲ್ಲಿ ಹಾಸಿದರೂ ಎರಡು ಊರುಗಳಲ್ಲಿ ಎರಡು ಬಗೆಯ ಫಲ ಸಿಗಬಹುದು. ಆದ್ದರಿಂದ ಈ ಟಿಪ್ಪಣಿಯನ್ನು ಟೈಲ್ಸಿನಿಂದಲ್ಲ, ಮಣ್ಣಿನಿಂದ ಆರಂಭಿಸಬೇಕಾಗುತ್ತದೆ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪ್ರಮಾಣ ಹೆಚ್ಚು. ಅದು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮನೆಯ ಗೋಡೆಗಳು ಆಳದ ಬುನಾದಿಯ ಮೇಲೆ ನಿಂತಿರುತ್ತವೆ. ಕೋಣೆಯ ನೆಲವು ಮಾತ್ರ ಗೋಡೆಗಳ ನಡುವೆ ತುಂಬಿದ ಭರ್ತಿಯ ಮೇಲೆ ಕುಳಿತಿರುತ್ತದೆ. ಹೀಗಾಗಿ ಗೋಡೆ ನಿಂತಲ್ಲೇ ನಿಂತರೂ ನೆಲ ಏರಿಳಿಯುತ್ತದೆ. ಇದರ ಮೊದಲ ಗುರುತು ಸ್ಕರ್ಟಿಂಗಿನ, ಎಂದರೆ ಗೋಡೆಯ ಕೆಳಅಂಚಿಗೆ ಹಚ್ಚಿದ ಟೈಲ್ಸ್ ಪಟ್ಟಿಯ, ಬುಡದಲ್ಲಿ ಕಾಣಿಸುತ್ತದೆ: ಅಲ್ಲಿ ಸಂದಿಗೆ ತುಂಬಿದ ಗ್ರೌಟ್ ಉದುರಿ, ಒಂದು ರೂಪಾಯಿಯ ನಾಣ್ಯ ಒಳಗೆ ಜಾರುವಷ್ಟು ಸಂದು ಬಿದ್ದಿದ್ದರೆ, ಇಳಿದಿರುವುದು ಟೈಲ್ಸ್ ಒಂದೇ ಅಲ್ಲ, ಇಡೀ ಭರ್ತಿ ಎಂದು ತಿಳಿಯಬೇಕು. ಅಂಥ ನೆಲದ ಮೇಲೆ ಎಷ್ಟೇ ದುಬಾರಿ ಅಂಟು ಬಳಸಿದರೂ ಪ್ರಯೋಜನವಿಲ್ಲ.

ಹೊಸ ಮನೆಯಾದರೆ ಬುನಾದಿ ತೋಡಿದಾಗ ಬಂದ ಎರೆಮಣ್ಣನ್ನೇ ಒಳಗೆ ತುಂಬುವ ರೂಢಿಯನ್ನು ಬಿಡಬೇಕು. ಪುಕ್ಕಟೆ ಸಿಗುತ್ತದೆ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಸಮರ್ಥನೆಯಿಲ್ಲ. ಅದನ್ನು ಹೊರಗೆ ಸಾಗಿಸಿ, ಗರಸನ್ನು 15ರಿಂದ 20 ಸೆಂ.ಮೀ. ದಪ್ಪದ ಪದರುಗಳಲ್ಲಿ ಹಾಕಿ, ಪ್ರತಿ ಪದರಿಗೂ ನೀರು ಹೊಡೆದು ಧಮ್ಮಸು ಮಾಡಿ, ಅದರ ಮೇಲೆ ಸಿಮೆಂಟ್, ಮರಳು, ಜಲ್ಲಿ 1:4:8 ಪ್ರಮಾಣದಲ್ಲಿರುವ ಕಾಂಕ್ರೀಟನ್ನು ಸುಮಾರು 10 ಸೆಂ.ಮೀ. ಹಾಸುವುದು ಸರಿಯಾದ ಕ್ರಮ. ಟೈಲ್ಸಿನ ಬೆಲೆಯಲ್ಲಿ ಚದರಡಿಗೆ ಹತ್ತು ರೂಪಾಯಿ ಉಳಿಸಿಯಾದರೂ ಇಲ್ಲಿ ಖರ್ಚು ಮಾಡುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಗೋಡೆಗೂ ಟೈಲ್ಸಿಗೂ ನಡುವೆ ಸುತ್ತಲೂ 6ರಿಂದ 10 ಮಿ.ಮೀ. ಸಂದು ಬಿಟ್ಟರೆ ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ, ನೆಲಕ್ಕೆ ಹಿಗ್ಗಲು ಎಡೆಯೂ ಸಿಗುತ್ತದೆ.

ಕಾಂಕ್ರೀಟ್ ತಳವೇ ಎಲ್ಲಕ್ಕಿಂತ ಸುಲಭ. ಹೊಸದಾಗಿದ್ದರೆ 28 ದಿನ ಕಾಯುವುದು ಒಳ್ಳೆಯದು, ಏಕೆಂದರೆ ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ ಮತ್ತು ಆ ಕುಗ್ಗುವಿಕೆಯನ್ನು ಮೇಲಿನ ಟೈಲ್ಸ್ ತಾಳಿಕೊಳ್ಳಬೇಕಾಗುತ್ತದೆ. ಮೇಲ್ಮೈ ನುಣ್ಣಗಿರದೆ ತರಕಲಾಗಿರಬೇಕು. ಇಲ್ಲಿ ಟೈಲ್ಸಿನ ಜಾತಿಯನ್ನೂ ಗಮನಿಸಬೇಕು. ಸಾಮಾನ್ಯ ಸೆರಾಮಿಕ್ ಟೈಲ್ಸಿನ ಬೆನ್ನು ನೀರು ಹೀರುವುದರಿಂದ ಸಿಮೆಂಟಿನ ಹಾಲು ಅದರ ರಂಧ್ರಗಳಿಗಿಳಿದು ಹಿಡಿಯುತ್ತದೆ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಅದರ ತೂಕದ ಶೇ. 0.5ಕ್ಕಿಂತ ಹೆಚ್ಚಿರುವುದಿಲ್ಲ, ಆದ್ದರಿಂದ ಬರೀ ಸಿಮೆಂಟಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಅದಕ್ಕೆ ಪಾಲಿಮರ್ ಬೆರೆತ ಟೈಲ್ಸ್ ಅಂಟು ಬೇಕು. ಚೀಲದ ಮೇಲೆ ಐ.ಎಸ್. 15477 ಎಂಬ ಮಾನಕದ ಸಂಖ್ಯೆಯನ್ನೂ ಅದು ಯಾವ ಟೈಪ್ ಎಂಬುದನ್ನೂ ಓದಿಕೊಂಡೇ ಕೊಳ್ಳಬೇಕು. ಒಂದು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ, ಸುಮಾರು ಒಂದೂವರೆ ಕಿಲೋ ಒಣಪುಡಿ ಹಿಡಿಯುತ್ತದೆ ಎಂದು ಲೆಕ್ಕ ಹಾಕಬಹುದು.

ಟೈಲ್ಸಿನ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಅಂಟಿನ ಮುದ್ದೆ ಇಟ್ಟು ಒತ್ತುವ ಪದ್ಧತಿ ಇನ್ನೂ ಉಳಿದಿದೆ. ಮುದ್ದೆಗಳ ನಡುವಿನ ಜಾಗ ಪೊಳ್ಳಾಗಿಯೇ ಇರುತ್ತದೆ, ತಿಜೋರಿಯ ಕಾಲು ಅಲ್ಲಿ ಬಿದ್ದ ದಿನ ಟೈಲ್ಸ್ ಒಡೆಯುತ್ತದೆ. ಹಲ್ಲಿರುವ ಕರಣಿಯಿಂದ ಅಂಟನ್ನು ಒಂದೇ ದಿಕ್ಕಿಗೆ ಗೆರೆ ಎಳೆದು ಹರಡಿ, ಟೈಲ್ಸನ್ನು ಗೆರೆಗಳಿಗೆ ಅಡ್ಡಲಾಗಿ ತುಸು ಸರಿಸಿ ಒತ್ತಿದರೆ ಒಳಗಿನ ಗಾಳಿ ಹೊರಬೀಳುತ್ತದೆ. ಕೆಲಸದ ನಡುವೆ ಆಗಾಗ ಒಂದು ಟೈಲ್ಸನ್ನು ಹಸಿಯಿರುವಾಗಲೇ ಎತ್ತಿ ಬೆನ್ನು ನೋಡಬೇಕು: ಒಳಕೋಣೆಯಲ್ಲಿ ಶೇ. 80, ಬಚ್ಚಲು ಮತ್ತು ಹೊರಾಂಗಣದಲ್ಲಿ ಶೇ. 95ರಷ್ಟು ಭಾಗಕ್ಕೆ ಅಂಟು ತಾಗಿರಬೇಕು.

ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಎದುರಾಗುವುದು ಶಹಾಬಾದ್ ಫರಸಿಯ ನೆಲ. ಕಲಬುರಗಿ ಜಿಲ್ಲೆಯಿಂದ ಬರುವ ಈ ಸುಣ್ಣಕಲ್ಲು ಗಟ್ಟಿಯಾದದ್ದೇ. ಆದರೆ ಹಳೆಯ ಮನೆಗಳಲ್ಲಿ ಅದನ್ನು ಸುಣ್ಣದ ಗಾರೆಯ ಮೇಲೋ ಬರೀ ಮಣ್ಣಿನ ಮೇಲೋ ಕೂಡಿಸಿರುವುದುಂಟು. ಪ್ರತಿ ಕಲ್ಲಿನ ನಾಲ್ಕೂ ಮೂಲೆಗಳ ಮೇಲೆ ಸರದಿಯಾಗಿ ಕಾಲಿಟ್ಟು ತೂಕ ಬಿಟ್ಟು ನೋಡಬೇಕು. ಅಲುಗುವ ಕಲ್ಲು ಒಂದೆರಡಿದ್ದರೆ ಎತ್ತಿ ಮತ್ತೆ ಕೂಡಿಸಬಹುದು. ಕಲ್ಲುಗಳ ಸಂದಿಯಲ್ಲಿ ಇರುವೆ ಮಣ್ಣು ಎತ್ತಿ ಹಾಕಿದ್ದರೆ ಕೆಳಗೆ ಪೊಳ್ಳಿದೆ ಎಂದರ್ಥ. ಆಗ ಫರಸಿಯನ್ನು ಪೂರ್ತಿ ತೆಗೆದು ತಳವನ್ನು ಹೊಸದಾಗಿ ಮಾಡುವುದೇ ಲೇಸು, ತೆಗೆದ ಕಲ್ಲು ಹಿತ್ತಲಿಗೋ ಅಂಗಳಕ್ಕೋ ಒದಗುತ್ತದೆ. ಎರಡನೆಯ ಪರೀಕ್ಷೆ ತೇವದ್ದು. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆದಾಗ ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ಕಲ್ಲು ಕಪ್ಪಾಗಿದ್ದರೆ ನೆಲದಿಂದ ತೇವ ಏರುತ್ತಿದೆ. ಹಾನಗಲ್ ಕಡೆಯ ಮಲೆನಾಡಿನ ಸೆರಗಿನ ಮನೆಗಳಲ್ಲಿ ಈ ಪರೀಕ್ಷೆಯನ್ನು ಶ್ರಾವಣದಲ್ಲಿ ಮಾಡಿದರೆ ನಿಜ ತಿಳಿಯುತ್ತದೆ, ಚೈತ್ರದಲ್ಲಿ ಮಾಡಿದರೆ ಮೋಸ ಹೋಗಬಹುದು. ಅಂದಹಾಗೆ, ಫರಸಿ ಅಲುಗದೆ, ಮಟ್ಟವಾಗಿ, ಒಣಗಿ ಇದ್ದರೆ ಅದರ ಮೇಲೆ ಟೈಲ್ಸ್ ಏಕೆ ಬೇಕು ಎಂದು ಮನೆಯವರನ್ನು ಒಮ್ಮೆ ಕೇಳುವುದರಲ್ಲಿ ತಪ್ಪಿಲ್ಲ. ಪಾಲಿಶ್ ಹಿಡಿಸಿದರೆ ಅದೇ ಚೆಂದವಾಗುತ್ತದೆ.

ಕೆಂಪು ಆಕ್ಸೈಡಿನ ಸಿಮೆಂಟ್ ನೆಲದ ತೊಂದರೆ ಬೇರೆ. ಅದು ಅಲುಗುವುದಿಲ್ಲ, ಆದರೆ ವರ್ಷಗಟ್ಟಲೆ ಎಣ್ಣೆ, ಮೇಣ ಕುಡಿದು ನುಣುಪಾಗಿರುತ್ತದೆ. ನೆಲದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಾಗ ಹನಿ ಇಂಗದೆ ಗುಂಡಗೆ ನಿಂತರೆ ಅಂಟೂ ಹಾಗೆಯೇ ಮೇಲೆಯೇ ನಿಲ್ಲುತ್ತದೆ. ಚಾಣದಿಂದ ಒತ್ತೊತ್ತಾಗಿ ಕಚ್ಚು ಹೊಡೆದು ಅಥವಾ ಗ್ರೈಂಡರಿನಿಂದ ಮೇಲ್ಪದರ ತೆಗೆದು, ಧೂಳನ್ನು ಪೂರ್ತಿ ತೊಳೆದ ಮೇಲೆಯೇ ಮುಂದುವರಿಯಬೇಕು. ಹಳೆಯ ಟೈಲ್ಸಿನ ಮೇಲೆ ಹೊಸ ಟೈಲ್ಸ್ ಹಾಸುವಾಗಲೂ ಇದೇ ನಿಯಮ. ಜೊತೆಗೆ ಮರದ ಹಿಡಿಕೆಯಿಂದ ಪ್ರತಿ ಟೈಲ್ಸನ್ನು ಬಡಿದು, ಪೊಳ್ಳು ಸಪ್ಪಳ ಬಂದದ್ದನ್ನು ಕಿತ್ತು ಗುಂಡಿ ತುಂಬಬೇಕು. 10 ಮಿ.ಮೀ. ಟೈಲ್ಸ್, 4 ಮಿ.ಮೀ. ಅಂಟು ಸೇರಿ ನೆಲ 14 ಮಿ.ಮೀ. ಏರುತ್ತದೆ ಎಂಬುದನ್ನು ಮೊದಲೇ ಮನೆಯವರಿಗೆ ಹೇಳಿ, ಬಾಗಿಲುಗಳ ಅಡಿಯನ್ನು ಬಡಿಗನಿಂದ ಕೊಯ್ಸಬೇಕಾದೀತೇ ಎಂದು ನೋಡಬೇಕು.

ಸಗಣಿ ಸಾರಿಸಿದ ಮಣ್ಣಿನ ನೆಲದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಅಗೆದು ತೆಗೆದು, ಗರಸು ಮತ್ತು ಕಾಂಕ್ರೀಟಿನಿಂದಲೇ ಆರಂಭಿಸಬೇಕು.

ಮರದ ತೊಲೆ, ಜಂತೆಗಳ ಮೇಲಿನ ಮಹಡಿಯಲ್ಲಿ ಮಾತ್ರ ಲೆಕ್ಕ ಮಾಡದೆ ಕೈ ಹಾಕಬಾರದು. 40 ಮಿ.ಮೀ. ಗಾರೆ ಚದರ ಮೀಟರಿಗೆ ಸುಮಾರು 80 ಕಿಲೋ, ಟೈಲ್ಸ್ ಸುಮಾರು 20 ಕಿಲೋ ತೂಗುತ್ತವೆ. 10 ಅಡಿಗೆ 12 ಅಡಿಯ ಕೋಣೆ ಸುಮಾರು 11 ಚದರ ಮೀಟರು. ಎಂದರೆ ಆ ಹಳೆಯ ತೊಲೆಗಳ ಮೇಲೆ ಸುಮಾರು 11 ಕ್ವಿಂಟಲ್ ಭಾರವನ್ನು ಶಾಶ್ವತವಾಗಿ ಹೇರಿದಂತಾಯಿತು. ಮರ ತೂಗಾಡಿದಷ್ಟೂ ಟೈಲ್ಸಿನ ಜಾಯಿಂಟ್ ಬಿಡುತ್ತದೆ. ಎಂಜಿನಿಯರ್ ತೊಲೆಗಳನ್ನು ನೋಡಿ ಒಪ್ಪದ ಹೊರತು ಅಲ್ಲಿ ಬೇರೆ ಹಗುರ ಹಾಸನ್ನೇ ಸೂಚಿಸಬೇಕು.

ಬಚ್ಚಲಲ್ಲಿ 80ಕ್ಕೆ 1ರಿಂದ 100ಕ್ಕೆ 1ರಷ್ಟು ಇಳಿಜಾರನ್ನು ತಳದಲ್ಲಿಯೇ ಕೊಡಬೇಕು, ಟೈಲ್ಸ್ ಕೂಡಿಸುವಾಗ ಅಂಟನ್ನು ಹೆಚ್ಚುಕಡಿಮೆ ಮಾಡಿ ಅಲ್ಲ. ವಾಟರ್‌ಪ್ರೂಫಿಂಗ್ ಬಳಿದು ಒಣಗಿದ ಮೇಲೆ ನೀರು ಹೊರಹೋಗುವ ಜಾಲಿಯನ್ನು ಮುಚ್ಚಿ ಒಂದು ದಿನ ನೀರು ನಿಲ್ಲಿಸಿ, ಕೆಳಗಿನ ಛತ್ತು ಒದ್ದೆಯಾಗಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಟೈಲ್ಸ್ ತರಬೇಕು. ಮಾಳಿಗೆಯ ಮೇಲಿನ ತೊಂದರೆ ಬಿಸಿಲಿನದು. ಗದಗದ ಏಪ್ರಿಲ್ ಬಿಸಿಲಿಗೆ ಹಿಗ್ಗಿದ ಟೈಲ್ಸಿಗೆ ಸರಿಯಲು ಜಾಗವಿಲ್ಲದಿದ್ದರೆ ಎರಡು ಸಾಲುಗಳು ಎದುರುಬದುರಾಗಿ ಸಪ್ಪಳ ಮಾಡಿ ಮೇಲೇಳುತ್ತವೆ. ಅದಕ್ಕೆ ಸುಮಾರು 3 ಮೀಟರಿಗೊಮ್ಮೆ ಗ್ರೌಟ್ ತುಂಬದೆ, ಹಿಗ್ಗಿ ಕುಗ್ಗುವ ಸೀಲಂಟ್ ತುಂಬಿದ ಜಾಯಿಂಟ್ ಬಿಡಬೇಕು. ಅದೇ ಬಿಸಿಲಿನಲ್ಲಿ ಹರಡಿದ ಅಂಟು ಚೀಲದ ಮೇಲೆ ಬರೆದ ಸಮಯಕ್ಕಿಂತ ಬೇಗ ಕೆನೆಗಟ್ಟುವುದರಿಂದ, ಟೈಲ್ಸ್ ಇಡುವ ಮುನ್ನ ಪ್ರತಿಸಲ ಬೆರಳಿನಿಂದ ಮುಟ್ಟಿ ನೋಡಬೇಕು. ಅಂಟು ಬೆರಳಿಗೆ ಹತ್ತದಿದ್ದರೆ ಅದರ ಮೇಲೆ ನೀರು ಚಿಮುಕಿಸದೆ, ಕೆರೆದು ತೆಗೆದು ಹೊಸದನ್ನು ಹರಡಬೇಕು.