ಒಂದೇ ಕೇಬಲ್‌ನಲ್ಲಿ ಮಾತೂ ವಿದ್ಯುತ್ತೂ: ಪಿಒಇ ಚಿಪ್ ಆರಿಸುವ ಬಗೆ

ಚಾವಣಿಗೆ ಜೋಡಿಸಿದ ಸಿಸಿ ಕ್ಯಾಮೆರಾದ ಹಿಂದೆ ಎಷ್ಟೋ ಸಲ ಪ್ಲಗ್ ಇರುವುದಿಲ್ಲ, ಅಡಾಪ್ಟರ್ ಇರುವುದಿಲ್ಲ. ಒಂದು ನೆಟ್‌ವರ್ಕ್ ಕೇಬಲ್ ಮಾತ್ರ ಇರುತ್ತದೆ. ಚಿತ್ರ ಹೊರಗೆ ಹೋಗುವುದೂ ವಿದ್ಯುತ್ ಒಳಗೆ ಬರುವುದೂ ಅದರಲ್ಲೇ. ಪವರ್ ಓವರ್ ಈಥರ್ನೆಟ್, ಚಿಕ್ಕದಾಗಿ ಪಿಒಇ, ಎಂದು ಕರೆಯುವ ಈ ವ್ಯವಸ್ಥೆಗೆ ಐಇಇಇ ಸಂಸ್ಥೆಯು 2003ರಲ್ಲಿ 802.3ಎಎಫ್ ಎಂಬ ಮೊದಲ ಮಾನಕವನ್ನು ರೂಪಿಸಿತು. ಅದರ ಪ್ರಕಾರ ಕೇಬಲ್‌ನ ಆಚೆ ತುದಿಯ ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟ್ ಕೊಡಬೇಕಾದದ್ದು 15.4 ವ್ಯಾಟ್, ಆದರೆ ಉಪಕರಣ ಬಳಸಬಹುದಾದದ್ದು 12.95 ವ್ಯಾಟ್ ಮಾತ್ರ. ನಡುವಿನ 2.45 ವ್ಯಾಟ್ ಯಾರ ಪಾಲಾಯಿತು? 100 ಮೀಟರ್ ಕೇಬಲ್‌ನ ಹೋಗಿಬರುವ ದಾರಿಗೆ ಮಾನಕ ಹಿಡಿದಿರುವ ರೋಧ 20 ಓಮ್, ಹರಿಯಬಹುದಾದ ಪ್ರವಾಹ 0.35 ಆಂಪಿಯರ್, 0.35ರ ವರ್ಗವನ್ನು 20ರಿಂದ ಗುಣಿಸಿದರೆ ಸಿಗುವುದು ಸರಿಯಾಗಿ 2.45. ಅಷ್ಟೂ ತಂತಿಯನ್ನು ಬಿಸಿ ಮಾಡುವುದಕ್ಕೆ ಸಂದಾಯ. ಅದೇ ಲೆಕ್ಕದಲ್ಲಿ, ಸ್ವಿಚ್ಚಿನಲ್ಲಿ 44 ವೋಲ್ಟ್ ಇದ್ದರೆ ದಾರಿಯಲ್ಲಿ 7 ವೋಲ್ಟ್ ಕುಸಿದು, ಕ್ಯಾಮೆರಾದ ಬಾಗಿಲಿಗೆ ಬಂದು ನಿಲ್ಲುವುದು 37 ವೋಲ್ಟ್.

ಆಮೇಲೆ 2009ರ 802.3ಎಟಿ ಮಾನಕವು ಉಪಕರಣದ ಪಾಲನ್ನು 25.5 ವ್ಯಾಟ್‌ಗೆ ಏರಿಸಿತು. ಕೇಬಲ್‌ನ ನಾಲ್ಕೂ ಜೊತೆ ತಂತಿಗಳನ್ನು ಬಳಸಿಕೊಳ್ಳುವ 2018ರ 802.3ಬಿಟಿ ಅದನ್ನು 71.3 ವ್ಯಾಟ್‌ವರೆಗೆ ಒಯ್ದಿತು. ಹೊಸದಾಗಿ ಉಪಕರಣ ವಿನ್ಯಾಸಕ್ಕೆ ಕೂರುವವರು ಸಾಮಾನ್ಯವಾಗಿ ಇಷ್ಟನ್ನೇ ನೋಡಿ, ತಮಗೆ ಬೇಕಾದ ವ್ಯಾಟ್‌ಗೆ ಹೊಂದುವ ಪಿಒಇ ಚಿಪ್ಪನ್ನು, ಅಂದರೆ ಉಪಕರಣದ ಬಾಗಿಲಲ್ಲಿ ಕೂತು ಕೇಬಲ್‌ನ ವಿದ್ಯುತ್ತನ್ನು ಒಳಗೆ ಬಿಡುವ ಚಿಪ್ಪನ್ನು, ಆರಿಸಿ ಮುಂದೆ ಹೋಗುತ್ತಾರೆ. ನನ್ನ ಅನುಭವದಲ್ಲಿ ಚಿಪ್ಪಿನ ವಿವರಪತ್ರವಾದ ಡೇಟಾಶೀಟಿನ ಮೊದಲ ಪುಟದ ಆ ವ್ಯಾಟ್ ಅಂಕಿ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವ ಅಂಕಿ. ಉಪಕರಣ ಪೂರ್ಣ ವೇಗದಲ್ಲಿ ಓಡುವಾಗ ಚಿಪ್‌ಗೆ ಹೆಚ್ಚಿನ ಕೆಲಸವೇ ಇರುವುದಿಲ್ಲ. ಅದರ ಯೋಗ್ಯತೆ ಗೊತ್ತಾಗುವುದು ಎಚ್ಚರಗೊಳ್ಳುವ ಮೊದಲ ಅರ್ಧ ಸೆಕೆಂಡಿನಲ್ಲಿ ಮತ್ತು ಉಪಕರಣ ನಿದ್ದೆಗೆ ಜಾರಿದ ಮೇಲೆ.

ಕೇಬಲ್ ಚುಚ್ಚಿದ ಕೂಡಲೇ ಸ್ವಿಚ್ 48 ವೋಲ್ಟ್ ಸುರಿಯುವುದಿಲ್ಲ. ಆಚೆ ಕಡೆ ಇರುವುದು ಯಾರದೋ ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ ಅನಾಹುತವಾದೀತು ಎಂದು, 2.7ರಿಂದ 10.1 ವೋಲ್ಟ್ ವ್ಯಾಪ್ತಿಯೊಳಗೆ ಎರಡು ಬೇರೆ ಬೇರೆ ಮಟ್ಟದಲ್ಲಿ ತಟ್ಟಿ ನೋಡುತ್ತದೆ. ಪಿಒಇ ಉಪಕರಣವಾದರೆ ಅಲ್ಲಿ ಸುಮಾರು 25 ಕಿಲೋಓಮ್ ರೋಧ ಕಾಣಿಸಬೇಕು. ಎರಡು ಸಲ ತಟ್ಟುವುದಕ್ಕೂ ಕಾರಣವಿದೆ: ತಂತಿಗಳ ಧನ-ಋಣ ಹೇಗೆ ಬಂದರೂ ಸರಿಪಡಿಸುವ ಡಯೋಡ್ ಬ್ರಿಡ್ಜ್ ಉಪಕರಣದ ಬಾಗಿಲಲ್ಲೇ ಕೂತಿರುವುದರಿಂದ ಒಂದೇ ಅಳತೆಯಲ್ಲಿ ಅದರ ವೋಲ್ಟೇಜ್ ಕುಸಿತವೂ ಸೇರಿಕೊಳ್ಳುತ್ತದೆ, ಎರಡು ಅಳತೆಗಳ ವ್ಯತ್ಯಾಸ ತೆಗೆದರೆ ಅದು ಕಳೆದುಹೋಗುತ್ತದೆ. ರೋಧ ಸರಿಯಿದ್ದರೆ ಸ್ವಿಚ್ 14.5ರಿಂದ 20.5 ವೋಲ್ಟ್‌ವರೆಗಿನ ಎರಡನೆಯ ಹಂತಕ್ಕೆ ಏರಿ, ಉಪಕರಣ ಎಷ್ಟು ಪ್ರವಾಹ ಎಳೆಯುತ್ತದೆ ಎಂದು ನೋಡಿ, ಅದರ ಹಸಿವಿನ ವರ್ಗವನ್ನು ತಿಳಿದುಕೊಳ್ಳುತ್ತದೆ. 9ರಿಂದ 12 ಮಿಲಿಆಂಪಿಯರ್ ಎಳೆದರೆ ಒಂದನೆಯ ವರ್ಗ, 36ರಿಂದ 44 ಎಳೆದರೆ ನಾಲ್ಕನೆಯ ವರ್ಗ. ಈ ಉತ್ತರಗಳನ್ನು ಕೊಡುವವನೇ ನಮ್ಮ ಚಿಪ್. ಯಾವ ಉತ್ತರ ಕೊಡಬೇಕು ಎಂಬುದನ್ನು ವಿನ್ಯಾಸಕಾರರು ಸಾಮಾನ್ಯವಾಗಿ ಒಂದು ಪುಟ್ಟ ರೆಸಿಸ್ಟರ್ ಮೂಲಕ ಹೇಳಿಕೊಡುತ್ತಾರೆ.

ಆ ರೆಸಿಸ್ಟರ್ ವಿಷಯದಲ್ಲಿ ಆಗುವ ಸೋಮಾರಿತನ ದುಬಾರಿಯಾದದ್ದು. ವರ್ಗವನ್ನೇ ಹೇಳದ ಉಪಕರಣವನ್ನು ಸ್ವಿಚ್ ಸೊನ್ನೆಯ ವರ್ಗಕ್ಕೆ ಸೇರಿಸಿ, ಅದಕ್ಕಾಗಿ 15.4 ವ್ಯಾಟ್ ಕಾಯ್ದಿರಿಸುತ್ತದೆ. ಒಟ್ಟು 120 ವ್ಯಾಟ್ ಕೊಡಬಲ್ಲ 24 ಪೋರ್ಟಿನ ಸ್ವಿಚ್ ಒಂದನ್ನು ಊಹಿಸಿಕೊಳ್ಳಿ. ವರ್ಗವನ್ನೇ ನಂಬಿ ಲೆಕ್ಕ ಹಾಕುವ ಸ್ವಿಚ್ಚಾದರೆ, ನಿಜದಲ್ಲಿ 5 ವ್ಯಾಟ್ ಬಳಸುವ ಕ್ಯಾಮೆರಾಗಳು ಬಾಯಿ ಬಿಡದೆ ನಿಂತಾಗ ಏಳನೆಯದಕ್ಕೇ ಅದರ ಚೀಲ ಖಾಲಿ. ಅವೇ ಕ್ಯಾಮೆರಾಗಳು ಪ್ರಾಮಾಣಿಕವಾಗಿ ಎರಡನೆಯ ವರ್ಗ ಎಂದಿದ್ದರೆ ತಲಾ 7 ವ್ಯಾಟ್‌ನಂತೆ ಹದಿನೇಳಕ್ಕೆ ಊಟ ಸಿಗುತ್ತಿತ್ತು.

ಇನ್ನು ಬಾಗಿಲು ತೆರೆಯುವ ಕ್ಷಣ. ಉಪಕರಣದ ಒಳಗೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ದೊಡ್ಡ ಕೆಪ್ಯಾಸಿಟರ್ ಇರುತ್ತದೆ. ಖಾಲಿ ಕೆಪ್ಯಾಸಿಟರ್‌ಗೆ ನೇರವಾಗಿ 50 ವೋಲ್ಟ್ ಜೋಡಿಸಿದರೆ ಅದು ಶಾರ್ಟ್ ಸರ್ಕ್ಯೂಟಿಗೆ ಸಮ. ಆದ್ದರಿಂದ ಚಿಪ್ಪಿನೊಳಗಿನ ಮಾಸ್ಫೆಟ್ ಎಂಬ ಟ್ರಾನ್ಸಿಸ್ಟರ್, ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದಂತೆ ಪ್ರವಾಹವನ್ನು ಹಿಡಿದಿಟ್ಟು ಬಿಡುತ್ತದೆ. 140 ಮಿಲಿಆಂಪಿಯರ್ ಮಿತಿಯಲ್ಲಿ 100 ಮೈಕ್ರೋಫ್ಯಾರಡ್ ತುಂಬುವುದಕ್ಕೆ ಸುಮಾರು 36 ಮಿಲಿಸೆಕೆಂಡು ಬೇಕು, ಮತ್ತು ಮೊದಲ ಕ್ಷಣದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಆ ಸಿಲಿಕಾನ್ ತುಣುಕು 7 ವ್ಯಾಟ್ ಶಾಖವನ್ನು ನುಂಗಬೇಕು. ಈ ಹೊತ್ತಿನಲ್ಲಿ ಕೇಬಲ್‌ನ ವೋಲ್ಟೇಜನ್ನು ಉಪಕರಣಕ್ಕೆ ಬೇಕಾದಷ್ಟಕ್ಕೆ ಇಳಿಸುವ ಒಳಗಿನ ಡಿಸಿ-ಡಿಸಿ ಪರಿವರ್ತಕ ಆತುರಪಟ್ಟು ಕೆಲಸ ಆರಂಭಿಸಿದರೆ ತುಂಬುವ ಬಿಂದಿಗೆಗೆ ತೂತು ಬಿದ್ದಂತೆ: ವೋಲ್ಟೇಜ್ ಕುಸಿಯುತ್ತದೆ, ಕುಸಿದಷ್ಟೂ ಪರಿವರ್ತಕ ಹೆಚ್ಚು ಪ್ರವಾಹ ಎಳೆಯುತ್ತದೆ, ಕೊನೆಗೆ ಎಲ್ಲವೂ ಆರಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ ಕೆಪ್ಯಾಸಿಟರ್ ತುಂಬುವವರೆಗೆ ಪರಿವರ್ತಕವನ್ನು ತಡೆದು, ಆಮೇಲೆ ‘ಇನ್ನು ಹೊರಡಬಹುದು’ ಎಂದು ಸೂಚಿಸುವ ಪಿನ್ ಚಿಪ್ಪಿನಲ್ಲಿ ಇದೆಯೇ ಎಂದು ನಾನು ಮೊದಲು ಹುಡುಕುತ್ತೇನೆ. ಮಾನಕವೂ ಈ ಅಪಾಯವನ್ನು ಬಲ್ಲದು: ಉಪಕರಣ 42 ವೋಲ್ಟ್ ತಲುಪುವುದರೊಳಗೆ ಆನ್ ಆಗಬೇಕು, ಆದರೆ ಒಮ್ಮೆ ಆನ್ ಆದ ಮೇಲೆ 30 ವೋಲ್ಟ್‌ಗೆ ಇಳಿಯುವ ಹೊತ್ತಿಗೆ ಆರಿರಬೇಕು. ಹೊರೆ ಬಿದ್ದ ತಕ್ಷಣ ಕೇಬಲ್‌ನಲ್ಲಿ ಕುಸಿಯುವ ಆ 7 ವೋಲ್ಟ್‌ಗೆ ಉಪಕರಣ ಹೆದರಿ ಆರಿಹೋಗದಿರಲಿ ಎಂದೇ ಈ ಅಂತರ.

ನಿದ್ದೆಯ ವಿಷಯವನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಬಾಗಿಲ ಪಕ್ಕದ ಗೋಡೆಗೆ ಕೂರಿಸುವ ಕಾರ್ಡ್ ರೀಡರ್ ಒಂದನ್ನು ಮಾಡಿದ್ದೆವು. ಯಾರೂ ಬಾರದ ಹೊತ್ತಿನಲ್ಲಿ ಬರೇ 3 ಮಿಲಿಆಂಪಿಯರ್‌ನಲ್ಲಿ ಮಲಗುತ್ತದೆ ಎಂಬುದು ನಮ್ಮ ಹೆಮ್ಮೆಯಾಗಿತ್ತು. ಮೇಜಿನ ಮೇಲೆ ಬ್ಯಾಟರಿಯಂತಹ ಪವರ್ ಸಪ್ಲೈನಲ್ಲಿ ಸೊಗಸಾಗಿ ನಡೆದ ಅದು, ಪಿಒಇ ಸ್ವಿಚ್ಚಿಗೆ ಜೋಡಿಸಿದ ಮೇಲೆ ಎಚ್ಚರಗೊಂಡು, ಮಲಗಿ, ಸತ್ತು, ಮತ್ತೆ ಹುಟ್ಟತೊಡಗಿತು. ಪೋರ್ಟಿನ ಹಸಿರು ದೀಪ ಕೆಲವು ಸೆಕೆಂಡಿಗೊಮ್ಮೆ ಆರಿ ಹೊತ್ತುತ್ತಿತ್ತು. ಚಿಪ್ ಕೆಟ್ಟಿದೆಯೆಂದು ಎರಡು ಸಲ ಬದಲಿಸಿಯೂ ಆಯಿತು. ಅಸಲಿಗೆ ಸ್ವಿಚ್ ನಿಯಮ ಪಾಲಿಸುತ್ತಿತ್ತು: ಉಪಕರಣ ಕನಿಷ್ಠ 10 ಮಿಲಿಆಂಪಿಯರ್ ಎಳೆಯದೆ ಸುಮ್ಮನಿದ್ದರೆ, 300ರಿಂದ 400 ಮಿಲಿಸೆಕೆಂಡಿನೊಳಗೆ ಅದು ಕಿತ್ತುಕೊಂಡು ಹೋಗಿದೆ ಎಂದು ತಿಳಿದು ವಿದ್ಯುತ್ ಕಡಿತ ಮಾಡಬೇಕು. ಮಲಗಿದವನು ಆಗಾಗ ಹ್ಞೂಂಗುಟ್ಟದಿದ್ದರೆ ಕಥೆ ಹೇಳುವವರು ಎದ್ದು ಹೋಗುತ್ತಾರಲ್ಲ, ಹಾಗೆ. ಸದಾ 10 ಮಿಲಿಆಂಪಿಯರ್ ಎಳೆಯುವ ರೆಸಿಸ್ಟರ್ ಹಾಕಿದರೆ 48 ವೋಲ್ಟ್‌ನಲ್ಲಿ ಅರ್ಧ ವ್ಯಾಟ್ ವ್ಯರ್ಥ. ಹಳೆಯ ಮಾನಕದ ಪ್ರಕಾರ 75 ಮಿಲಿಸೆಕೆಂಡು ಎಳೆದು 250 ಮಿಲಿಸೆಕೆಂಡು ಬಿಟ್ಟರೂ ಸಾಕು. ಆಗ ಸರಾಸರಿ 0.11 ವ್ಯಾಟ್. 802.3ಬಿಟಿ ಇದನ್ನು ಸುಮಾರು 7 ಮಿಲಿಸೆಕೆಂಡಿಗೆ ಇಳಿಸಿರುವುದರಿಂದ ವ್ಯಯ 0.01 ವ್ಯಾಟ್‌ನ ಆಸುಪಾಸಿಗೆ ಬರುತ್ತದೆ, ಆದರೆ ಸ್ವಿಚ್ ಕೂಡ ಅದೇ ಮಾನಕದ್ದಾಗಿರಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎಸ್2372ರಂಥ ಚಿಪ್‌ಗಳು ಈ ಹ್ಞೂಂಗುಟ್ಟುವಿಕೆಯನ್ನು ತಾವೇ ನೋಡಿಕೊಳ್ಳುತ್ತವೆ. ಹೆಚ್ಚು ಹೊತ್ತು ಮಲಗುವ ಉಪಕರಣಕ್ಕೆ, ಅದರ ಹಸಿವು 3 ವ್ಯಾಟ್ ಮಾತ್ರವೇ ಆದರೂ, 71 ವ್ಯಾಟ್‌ವರೆಗಿನ ಮಾನಕದ ಚಿಪ್ ಆರಿಸುವುದು ಜಾಣತನವಾಗುವುದು ಹೀಗೆ.

ಚಿಪ್‌ಗಳಲ್ಲಿ ಮೂರು ಬಗೆ. ಟಿಪಿಎಸ್2375ರಂಥವು ಬಾಗಿಲು ಕಾಯುವ ಕೆಲಸ ಮಾತ್ರ ಮಾಡುತ್ತವೆ. ಪರಿವರ್ತಕವನ್ನು ನಾವು ಪ್ರತ್ಯೇಕವಾಗಿ ಕಟ್ಟಬೇಕು. ಟಿಪಿಎಸ್23753ಎ, ಎಲ್‌ಟಿಸಿ4267 ಮುಂತಾದವು ಪರಿವರ್ತಕದ ನಿಯಂತ್ರಣವನ್ನೂ ಒಳಗೊಂಡಿವೆ. ಎಸ್‌ಐ3402 ಡಯೋಡ್ ಬ್ರಿಡ್ಜುಗಳನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡಿದೆ. ಕೆಲವೇ ನೂರು ಉಪಕರಣ ಮಾಡುವವರಿಗೆ ಎಲ್ಲವೂ ಒಂದರಲ್ಲೇ ಇರುವುದು ಅನುಕೂಲವೆಂದು ನಾನು ಹೇಳುತ್ತೇನೆ, ಒಂದು ಷರತ್ತಿನೊಂದಿಗೆ: ಬ್ರಿಡ್ಜಿನ ಎರಡು ಡಯೋಡುಗಳಲ್ಲಿ 0.35 ಆಂಪಿಯರ್‌ಗೆ ಅರ್ಧ ವ್ಯಾಟ್‌ನಷ್ಟು ಶಾಖ ಹುಟ್ಟುತ್ತದೆ, ಅದೂ ಚಿಪ್ಪಿನೊಳಗೇ. ಬಿಸಿಲಿನಲ್ಲಿ ನಿಲ್ಲುವ ಮುಚ್ಚಿದ ಪೆಟ್ಟಿಗೆಯ ಕ್ಯಾಮೆರಾಕ್ಕೆ ಆ ಶಾಖವನ್ನು ಬೋರ್ಡಿನ ಬೇರೊಂದು ಮೂಲೆಗೆ ಒಯ್ಯುವುದೇ ಮೇಲು.

ಪರಿವರ್ತಕಕ್ಕೆ ಟ್ರಾನ್ಸ್‌ಫಾರ್ಮರ್ ಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಚಿಪ್ ಅಲ್ಲ, ಪೆಟ್ಟಿಗೆ. ಕೈಗೆ ಎಟುಕುವ ಲೋಹದ ಭಾಗ ಅಥವಾ ಬೇರೆ ಕನೆಕ್ಟರ್ ಇದ್ದರೆ, ಕೇಬಲ್‌ಗೂ ಅದಕ್ಕೂ ನಡುವೆ 1500 ವೋಲ್ಟ್ ಎಸಿಯನ್ನು ಒಂದು ನಿಮಿಷ ತಡೆಯುವ ಪ್ರತ್ಯೇಕತೆ ಬೇಕು. ಪೂರ್ತಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಕ್ಯಾಮೆರಾಕ್ಕೆ ಟ್ರಾನ್ಸ್‌ಫಾರ್ಮರ್ ಇಲ್ಲದ ಅಗ್ಗದ ಬಕ್ ಪರಿವರ್ತಕ ಸಾಕು.

ಸಿಡಿಲಿನ ಕಾಲಕ್ಕೆಂದು ಬಾಗಿಲಲ್ಲಿ ಎಸ್‌ಎಂಎಜೆ58ಎ ಎಂಬ ರಕ್ಷಕ ಡಯೋಡ್ ಹಾಕುವ ರೂಢಿಯಿದೆ. ಅದು 58 ವೋಲ್ಟ್‌ವರೆಗೆ ಸುಮ್ಮನಿದ್ದು, ಪೂರ್ಣ ಹೊಡೆತ ಬಿದ್ದಾಗ ವೋಲ್ಟೇಜನ್ನು 93.6ಕ್ಕೆ ಕಟ್ಟಿಹಾಕುತ್ತದೆ. ಪಿಒಇ ಚಿಪ್‌ಗಳ ಪೈಕಿ ಅನೇಕವು ತಾಳುವುದು 100 ವೋಲ್ಟ್. ಅಂದರೆ ಬದುಕಿಗೂ ಸಾವಿಗೂ ನಡುವೆ ಉಳಿಯುವುದು 6 ವೋಲ್ಟ್ ಮಾತ್ರ. ಮಲೆನಾಡಿನ ತೋಟದ ಬೇಲಿಗೆ ಕ್ಯಾಮೆರಾ ಕಟ್ಟುವವರು ಇದನ್ನಷ್ಟೇ ನಂಬಿ ಕೂರಬಾರದು; ಕಟ್ಟಡದಿಂದ ಕೇಬಲ್ ಹೊರಬೀಳುವಲ್ಲಿ ಇನ್ನೊಂದು ರಕ್ಷಣೆ ಬೇಕು.

ಆರಿಸಿದ ಚಿಪ್ಪನ್ನು ಪರೀಕ್ಷಿಸುವಾಗ ಒಂದು ಮೀಟರಿನ ಚೆಂದದ ಕೇಬಲ್ ಬಳಸುವುದು ಆತ್ಮವಂಚನೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯ ಕೇಬಲ್ ಅಗ್ಗವಾಗಿ ಸಿಗುತ್ತದೆ. ಅಲ್ಯೂಮಿನಿಯಂನ ರೋಧ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು. ನಮ್ಮ ಕಾರ್ಖಾನೆಯ ಮೂಲೆಯಲ್ಲಿ ಅಂಥ 100 ಮೀಟರಿನ ಸುರುಳಿಯೊಂದು ಸದಾ ಬಿದ್ದಿರುತ್ತದೆ. ಅದರ ಒಂದು ತುದಿಗೆ 44 ವೋಲ್ಟ್ ಕೊಟ್ಟು, ಇನ್ನೊಂದು ತುದಿಯಲ್ಲಿ ಕ್ಯಾಮೆರಾದ ರಾತ್ರಿಯ ಇನ್‌ಫ್ರಾರೆಡ್ ದೀಪಗಳನ್ನು ಒಟ್ಟಿಗೇ ಹೊತ್ತಿಸಿ, ಮೀಟರಿನ ಮುಳ್ಳು ಎಲ್ಲಿಗೆ ಇಳಿಯುತ್ತದೆ ಎಂದು ನೋಡಿದ ಮೇಲೆಯೇ ಆ ಚಿಪ್ಪಿಗೆ ಆರ್ಡರ್ ಹೋಗುತ್ತದೆ.