ನಾಯಿಕೊಡೆ ಎಂದರೆ ವಿಷದ ಅಣಬೆಯಲ್ಲ

ಮೃಗಶಿರಾ ಮಳೆ ಬಿದ್ದು ನಾಲ್ಕು ದಿನ ಕಳೆಯುವುದರೊಳಗೆ ಮೊಬೈಲಿಗೆ ಆ ಸಂದೇಶ ಬಂದೇ ಬರುತ್ತದೆ: ‘ಗುಂಡಗಿದ್ದರೆ ಅಣಬೆ, ತಿನ್ನಬಹುದು. ಕೊಡೆಯಂತೆ ಅರಳಿದ್ದರೆ ನಾಯಿಕೊಡೆ, ವಿಷ.’ ಕಳಿಸುವವರಲ್ಲಿ ಓದು ಬರಹ ಬಲ್ಲವರೇ ಹೆಚ್ಚು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಚಿಂಚೋಳಿ ಕಡೆಯ ಹೊಲದ ಬದುಗಳಲ್ಲಿ ಅಣಬೆ ಹುಡುಕಲು ಹೊರಡುವ ಕಾಲದಲ್ಲೇ ಇದು ಹರಡುವುದರಿಂದ ಸುಮ್ಮನೆ ಅಳಿಸಿಹಾಕಿ ಕೂರಲು ಮನಸ್ಸಾಗುವುದಿಲ್ಲ.

ಗುಂಡಗಿರುವುದು, ಅರಳಿರುವುದು ಒಂದೇ ಅಣಬೆಯ ಎರಡು ವಯಸ್ಸು. ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ತಂದ ಬಟನ್ ಅಣಬೆಯ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಒಂದೆರಡು ದಿನ ಮರೆತುಬಿಡಿ. ಟೊಪ್ಪಿಗೆಯ ಅಡಿಯ ತೆಳ್ಳನೆಯ ಪೊರೆ ಹರಿದು, ಒಳಗಿನ ಕಂದು ಪದರಗಳು ಹೊರಬಿದ್ದು, ಕೊಡೆ ತಾನೇ ಬಿಚ್ಚಿಕೊಳ್ಳುತ್ತದೆ. ಸಂದೇಶದ ಲೆಕ್ಕದಲ್ಲಿ ಅದು ಸೋಮವಾರ ಅಣಬೆ, ಬುಧವಾರ ವಿಷ. ಇನ್ನು, ಪ್ರಪಂಚದಲ್ಲಿ ಅಣಬೆ ತಿಂದು ಸತ್ತವರ ಪೈಕಿ ಬಹುಪಾಲು ಜನರನ್ನು ಬಲಿ ತೆಗೆದುಕೊಂಡಿರುವುದು ಅಮಾನಿಟಾ ಕುಲ. ಅದರ ಎಳೆಯ ಅಣಬೆ ಬಿಳಿಯ ಪೊರೆಯೊಳಗೆ ಮೊಟ್ಟೆಯ ಹಾಗೆ ಗುಂಡಗೇ ಇರುತ್ತದೆ! ತಪ್ಪು ವಿವರಣೆ ಬರೀ ತಪ್ಪಾಗಿ ಉಳಿಯುವುದಿಲ್ಲ ಎನ್ನುವುದು ಇದಕ್ಕೇ.

ಹಾಗಾದರೆ ನಾಯಿ ಎಲ್ಲಿಂದ ಬಂತು? ಕನ್ನಡದಲ್ಲಿ ಗಿಡಗಂಟಿಗಳ ಹೆಸರಿನ ಹಿಂದೆ ನಾಯಿ ಸೇರಿದರೆ ‘ಯಾರೂ ಬಿತ್ತದ್ದು, ಯಾರ ಒಡೆತನಕ್ಕೂ ಸೇರದ್ದು, ಊರಿನದಕ್ಕಿಂತ ಒಂದು ತೂಕ ಕಡಿಮೆಯದ್ದು’ ಎಂದಷ್ಟೇ ಅರ್ಥ. ನಾಯಿತುಳಸಿ ಕೆಮ್ಮಿನ ಕಷಾಯಕ್ಕೆ ಬೀಳುತ್ತದೆ, ನಾಯಿನೇರಳೆಯನ್ನು ಹುಡುಗರು ಬಾಯಿ ನೇರಳೆಯಾಗುವವರೆಗೆ ತಿನ್ನುತ್ತಾರೆ, ನಾಯಿಸಾಸಿವೆ ಬದುಗಳ ಮೇಲೆ ತಾನಾಗಿ ಏಳುತ್ತದೆ. ಇವುಗಳಿಗೆ ಯಾರೂ ವಿಷದ ಪಟ್ಟ ಕಟ್ಟಿಲ್ಲ. ಕೊಡೆಯೊಂದೇ ಏನು ಪಾಪ ಮಾಡಿತ್ತು?

ಈ ನಾಯಿ ಕನ್ನಡದ ಸ್ವಂತ ಸಾಕಾಣಿಕೆಯೂ ಅಲ್ಲ. ಬೀದರ್ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವಲ್ಲ, ಆ ನಾಲ್ಕರಲ್ಲೂ ಇದು ಓಡಾಡುತ್ತದೆ. ಮರಾಠಿಯಲ್ಲಿ ಕುತ್ರ್ಯಾಚೀ ಛತ್ರೀ, ಅಂದರೆ ನಾಯಿಯ ಛತ್ರಿ. ತೆಲುಗಿನಲ್ಲಿ ಕುಕ್ಕಗೊಡುಗು, ಅದೂ ಅದೇ. ಹಿಂದಿ, ಉರ್ದುಗಳ ಕುಕುರ್‌ಮುತ್ತಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಾಯಿ ಕಾಲೆತ್ತಿದ ಜಾಗದಲ್ಲಿ ಇದು ಹುಟ್ಟುತ್ತದೆ ಎಂಬ ನಂಬಿಕೆಯನ್ನೇ ಹೆಸರು ಮಾಡಿಕೊಂಡಿದೆ. ಇಷ್ಟು ಸಾಲದೆಂದರೆ ತಮಿಳಿನ ನಾಯ್ಕ್‌ಕುಡೈ ಕೂಡ ಇದೆ. ಎಲ್ಲ ಕಡೆಯೂ ತಾತ್ಸಾರವಿದೆ, ಎಚ್ಚರಿಕೆ ಎಲ್ಲೂ ಇಲ್ಲ. ಅಣಬೆ ಎಂಬ ಪದಕ್ಕೂ ಬಂಧುಬಳಗ ಇಲ್ಲದಿಲ್ಲ. ಅದರ ಇನ್ನೊಂದು ಕನ್ನಡ ರೂಪ ಅಳಂಬೆ. ಭಾಲ್ಕಿ, ಔರಾದ್ ಕಡೆ ಮರಾಠಿ ಆಡುವವರ ಬಾಯಲ್ಲಿ ಅದು ಅಳಂಬಿ.

ಇಷ್ಟರಲ್ಲಿ ನನಗೆ ಮೆಚ್ಚುಗೆಯಾಗುವುದು ಸೇಡಂ, ಗುರುಮಠಕಲ್ ಕಡೆಯ ತೆಲುಗರ ಇನ್ನೊಂದು ಪದ: ಪುಟ್ಟಗೊಡುಗು, ಹುತ್ತದ ಕೊಡೆ. ಈ ಹೆಸರಿಟ್ಟವರು ನೆಲ ನೋಡಿ ಇಟ್ಟಿದ್ದಾರೆ. ನಮ್ಮವರು ಆಸೆಪಟ್ಟು ಹುಡುಕುವ ಹುತ್ತದ ಅಣಬೆಯನ್ನು ಬೆಳೆಸುವುದೇ ಗೆದ್ದಲು. ಒಣ ಎಲೆ, ಕಟ್ಟಿಗೆಯನ್ನು ಅಗಿದು ನೆಲದಡಿಯ ಗೂಡಿನಲ್ಲಿ ರಂಧ್ರ ರಂಧ್ರವಾದ ತೋಟ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಸಾಕಿ ತಿನ್ನುತ್ತದೆ. ಮಳೆಗೆ ಮಣ್ಣು ಮೆತ್ತಗಾದಾಗ ಅಲ್ಲಿಂದ ಮೊನಚು ನೆತ್ತಿಯ ಬಿಳಿ ಅಣಬೆ ಮೇಲೇಳುತ್ತದೆ. ಅದರ ಕಾಲು ಕೆಳಗೆ ಗೂಡಿನವರೆಗೂ ಇಳಿದಿರುತ್ತದೆ. ಮೊಮ್ಮಗ ಕೈ ಹಾಕಿದನೆಂದರೆ “ಜಗ್ಗಬೇಡ ತಮ್ಮಾ, ಖುರಪಿಯಿಂದ ಸುತ್ತಲ ಮಣ್ಣು ಬಿಡಿಸು” ಎಂದು ಆಯಿ ಗದರುವುದು ಅದಕ್ಕೇ. ಜಗ್ಗಿದರೆ ಅರ್ಧ ಅಣಬೆ ನೆಲದಲ್ಲೇ ಉಳಿಯುತ್ತದೆ. ಉದ್ದವಾಗಿ ಇಳಿದದ್ದನ್ನು ಬೇರು ಎನ್ನಬೇಡಿ, ಅಣಬೆಗೆ ಬೇರಿಲ್ಲ. ಬೀಜವೂ ಇಲ್ಲ. ಅಣಬೆ ಕೃಷಿಯವರು ಮಾರುವ ‘ಅಣಬೆ ಬೀಜ’ವನ್ನು ಅಂಗೈ ಮೇಲೆ ಸುರಿದುಕೊಂಡರೆ ಅನೇಕ ಸಲ ಕಾಣುವುದು ನಮ್ಮದೇ ಜೋಳ, ಮೈತುಂಬ ಬಿಳಿ ಎಳೆ ಹೊದ್ದ ಬೇಯಿಸಿದ ಜೋಳದ ಕಾಳು.

‘ವಸಂತದಲ್ಲಿ ಅಣಬೆ ಹುಡುಕಲು ಕಾಡಿಗೆ ಹೋದ ಕುಟುಂಬ’ ಎಂಬ ಬಗೆಯ ಅನುವಾದಗಳೂ ಈಚೆಗೆ ಕಣ್ಣಿಗೆ ಬೀಳುತ್ತಿವೆ. ಯುರೋಪಿನಲ್ಲಿ ಅದು ಸರಿ. ಕಾಶ್ಮೀರ, ಹಿಮಾಚಲಗಳಲ್ಲೂ ಹಿಮ ಕರಗಿದ ಮೇಲೆ ಗುಚ್ಛಿ ಅಣಬೆ ಸಿಗುತ್ತದೆ. ಚೈತ್ರ ವೈಶಾಖಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ, ಕೈ ತೂರುವಷ್ಟು ಬಿರುಕು ಬಿಟ್ಟ ಎರೆ ಹೊಲದಲ್ಲಿ ಬುಟ್ಟಿ ಹಿಡಿದು ಹೊರಟವರಿಗೆ ಸಿಗುವುದು ಬಿಸಿಲು ಮಾತ್ರ.

ಪತ್ರಿಕೆಗಳ ‘ನಾಯಿಕೊಡೆಗಳಂತೆ ತಲೆಯೆತ್ತಿರುವ ಅನಧಿಕೃತ ಬಡಾವಣೆ’ಗಳ ಬಗ್ಗೆಯೂ ಒಂದು ಮಾತು. ಬೇಗ ಏಳುವುದನ್ನಷ್ಟೇ ನೆನಪಿಟ್ಟುಕೊಂಡು, ಅಷ್ಟೇ ಬೇಗ ಕೊಳೆತು ಮಾಯವಾಗುವುದನ್ನು ಮರೆತವರ ಉಪಮೆ ಅದು. ಇಪ್ಪತ್ತು ವರ್ಷದಿಂದ ಅಲುಗಾಡದೆ ನಿಂತ ಬಡಾವಣೆ ಯಾವ ಸೀಮೆಯ ನಾಯಿಕೊಡೆ?

ಹೆಸರು ವಿಷವನ್ನು ಹೇಳದಿದ್ದರೆ ಇನ್ನಾವುದು ಹೇಳುತ್ತದೆ? ಬೆಳ್ಳಿ ಚಮಚ ಕಪ್ಪಾಗುವುದು, ಬೆಳ್ಳುಳ್ಳಿ ಬಣ್ಣ ತಿರುಗುವುದು, ಹುಳು ತಿಂದ ಗುರುತು ಇವು ಯಾವುವೂ ಹೇಳುವುದಿಲ್ಲ. ಅಮಾನಿಟಾದ ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದು 6 ಗಂಟೆಯಾದರೂ, ಕೆಲವೊಮ್ಮೆ ಇಡೀ ದಿನವಾದರೂ ಏನೂ ಆಗದೆ, ಆಮೇಲೆ ವಾಂತಿ ಭೇದಿ ಹಿಡಿಯಬಹುದು. ನಡುವೆ ಒಮ್ಮೆ ಆರಾಮವಾದಂತೆ ಕಂಡರೂ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಹಾಗಾಗಿ ಆಯಿ, ಮುತ್ಯಾ ಅದೇ ಜಾಗದಲ್ಲಿ ವರ್ಷ ವರ್ಷವೂ ಕಿತ್ತು ತಿಂದು ಬಲ್ಲ ಅಣಬೆಯ ಹೊರತು ಬೇರೆಯದನ್ನು ಬುಟ್ಟಿಗೆ ಹಾಕಬೇಡಿ. ಚಿಂಚೋಳಿ ವನ್ಯಜೀವಿ ಧಾಮದ ಗಡಿಯೊಳಗೆ ಅನುಮತಿಯಿಲ್ಲದೆ ಅದನ್ನೂ ಕೀಳುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ತಿಂದ ಮೇಲೆ ಯಾರಿಗಾದರೂ ಹೊಟ್ಟೆ ತೊಳಸಿದರೆ ಕಾಯದೆ ಆಸ್ಪತ್ರೆಗೆ ಹೋಗಿ, ಹೋಗುವಾಗ ಉಳಿದ ಅಣಬೆಯನ್ನು ಬುಡ ಸಮೇತ ಕಾಗದದಲ್ಲಿ ಸುತ್ತಿಕೊಂಡು ಹೋಗಿ.