ಬೋರ್ಡ್ ಹಾಕೂಕಿಂತ ಮೊದ್ಲಿನ ಸ್ಟೇಷನ್ನು

ಬಾಗಲಕೋಟಿಯೊಳಗ ದೋಸ್ತನ ಮನಿ ಅಟ್ಟ ಸ್ವಚ್ಛ ಮಾಡೂಮುಂದ ಒಂದು ಟ್ರಂಕ್ ಸಿಕ್ತು. ಅದರಾಗ ಹಳೇ ಉತಾರ, ಮದಿವಿ ಕಾರ್ಡು, ತಳಕ್ಕ ಒಂದು ಫೋಟೋ. ಹಳ್ಳಿ ಕಡಿದು ಸಣ್ಣ ರೈಲ್ವೆ ಸ್ಟೇಷನ್, ಇನ್ನೂ ಕಟ್ಟಾಕತ್ತಾರ. ಗ್ವಾಡಿ ಎದ್ದಾವ, ಮ್ಯಾಲ ಛತ್ತಿಲ್ಲ, ಚೌಕಟ್ಟು ಕುಂತೈತಿ, ಬಾಗಲಿಲ್ಲ, ಊರ ಹೆಸರಿನ ಬೋರ್ಡಂತೂ ಇಲ್ಲೇ ಇಲ್ಲ. ಹಿಂದ ಹೊಳ್ಳಿಸಿ ನೋಡಿದ್ರ ಬರೀ ಜೊಂಡಿಗ್ಯಾ ತಿಂದ ಗುರ್ತು. ಅವನ ಮುತ್ಯಾನ ಅಪ್ಪ ಗದಗ–ಹೊಟಗಿ ರೈಲು ಲೈನಿನ್ಯಾಗ ಗ್ಯಾಂಗ್‌ಮನ್, ಅಂದ್ರ ಹಳಿ ನೋಡ್ಕೊಳ್ಳೋ ಆಳು, ಇದ್ದನಂತ, ಅದೊಂದೇ ಸುಳಿವು. "ಯಾವ ಊರೋ ಏನೋ, ಬಿಡಲೇ" ಅಂದ ದೋಸ್ತ. ನನಗ ಬಿಡಾಕ ಆಗಲಿಲ್ಲ.

ಆ ಲೈನು ಹುಟ್ಟಿದ್ದ ಬರಗಾಲದ ಬೆನ್ನಿಗೆ. 1876–78ರ ಬರದಾಗ ಈ ಕಡೆ ಕಾಳು ಮುಟ್ಟಿಸೂದ ಕಷ್ಟ ಆಗಿತ್ತು, ಎತ್ತಿನ ಗಾಡಿ ಬಿಟ್ರ ಬ್ಯಾರೆ ಏನಿತ್ತು, ಬರದಾಗ ಎತ್ತಿಗೂ ಮೇವಿಲ್ಲ. 1882ಕ್ಕ ಸದರ್ನ್ ಮರಾಠಾ ರೈಲ್ವೆ ಕಂಪನಿ ಆತು, ಆ ದಶಕದ ನಡುವಿನ್ಯಾಗ ವಿಜಯಪುರ, ಬಾಗಲಕೋಟಿ, ಬಾದಾಮಿ ಹಾದು ಮೀಟರ್‌ಗೇಜ್ ರೈಲು ಓಡಾಕತ್ತಿತು.

ಹಳೇ ಫೋಟೋದಾಗ ಮೊದಲು ಹುಡುಕಬೇಕಾದ್ದು ಮಾರಿ ಅಲ್ರಿ, ಅಳತಿ ಗೊತ್ತಿರೋ ಸಾಮಾನು. ಹಳಿ ಇದ್ರ ಛಲೋ, ಮೀಟರ್‌ಗೇಜ್ ಅಂದ್ರ ಎರಡು ಹಳಿ ನಡುವ ಸರಿಯಾಗಿ 1000 ಮಿಲಿಮೀಟರ್. ಆದ್ರ ಹಳಿ ಕ್ಯಾಮೆರಾಕ್ಕ ಹತ್ರ, ಗ್ವಾಡಿ ದೂರ, ಹತ್ರದ್ದು ದೊಡ್ಡದಾಗಿ ಕಾಣ್ತೈತಿ, ಹಂಗಾಗಿ ಅದನ್ನ ಸ್ಕೇಲ್ ಮಾಡ್ಕೊಂಡ್ರ ಲೆಕ್ಕ ತಪ್ಪತೈತಿ. ನಮ್ಮ ಪುಣ್ಯಾಕ್ಕ ಯಾರೋ ಒಂದು ಕಟ್ಟಿಗಿ ಸ್ಲೀಪರ್, ಅಂದ್ರ ಹಳಿ ಕೆಳಗ ಅಡ್ಡ ಹಾಕೋ ತೊಲಿ, ಗ್ವಾಡಿಗೇ ಆನಿಸಿ ನಿಲ್ಲಿಸ್ಯಾರ. ಮೀಟರ್‌ಗೇಜ್ ಸ್ಲೀಪರ್ ಸುಮಾರು 1.8 ಮೀಟರ್ ಉದ್ದ. ಫೋಟೋದಾಗ ಅದು 12 ಮಿಲಿಮೀಟರ್, ಪಕ್ಕದ ಚೌಕಟ್ಟು 16. ಅಂದ್ರ ಬಾಗಲದ ಎತ್ತರ 2.4 ಮೀಟರ್.

ಇನ್ನ ಕಲ್ಲು. ಗ್ವಾಡಿ ಕಪ್ಪಗ ಕಾಣ್ತಿತ್ತು, ನಾನು ಇದು ವಿಜಯಪುರ ಕಡಿ ಕರಿಕಲ್ಲು, ಲಾವಾ ಹರದು ಆಗಿದ್ದು, ಅಂತ ಖಾತ್ರಿ ಮಾಡ್ಕೊಂಡುಬಿಟ್ಟೆ. ಆಮ್ಯಾಲ ಬುಟ್ಟಿ ಹೊತ್ತು ನಿಂತ ಹೆಣಮಗಳ ಮ್ಯಾಲ ಕಣ್ಣು ಬಿತ್ತು. ಉಟ್ಟಿದ್ದು ಇಳಕಲ್ ಸೀರಿ, ಸೆರಗಿನ ತೋಪತೆನಿ ನೇಯ್ಗಿ ಸಾಲು ಬೆಳ್ಳಗ ಎದ್ದು ಕಾಣ್ತೈತಿ, ಅದರ ಸುತ್ತ ಕೆಂಪು ಇರಬೇಕಲ್ಲ, ಅದು ಶಾಯಿ ಚೆಲ್ಲಿದಂಗ ಕಪ್ಪು! ಹಳೇ ಗಾಜಿನ ಪ್ಲೇಟಿಗೆ ಹಚ್ಚತಿದ್ದ ಬೆಳ್ಳಿ ಬ್ರೋಮೈಡಿಗೆ ನೀಲಿ ಬೆಳಕು ತಟ್ಟತಿತ್ತು, ಕೆಂಪು ತಟ್ಟತಿರಲಿಲ್ಲ, ಕೆಂಪು ಬೆಳಕಿಗೆ ಪ್ಲೇಟು ಕುಲ್ಡು. ಆಕಾಶ ಅಚ್ಚ ಬಿಳಿ ಆಗಿದ್ದೂ ಅದಕ್ಕ, ಅಲ್ಲಿ ಮಾಡ ಇದ್ವೋ ಇಲ್ಲೋ ಹೇಳಾಕ ಬರಂಗಿಲ್ಲ. ಸೆರಗು ಕಪ್ಪಾದ್ರ ಬಾದಾಮಿ ಕೆಂಪುಕಲ್ಲೂ ಕಪ್ಪೇ ಆಗ್ತೈತಿ.

ಬಣ್ಣ ಕೈಕೊಟ್ಟಮ್ಯಾಲ ಭೂತಗನ್ನಡಿ ಹಿಡದು ನೋಡಿದ್ವಿ. ಕಲ್ಲಿನ ಮೈಮ್ಯಾಲ ಓರೆ ಗೆರಿ, ಪದರ ಪದರ. ಕರಿಕಲ್ಲಿನ್ಯಾಗ ಗಾಳಿಗುಳ್ಳಿ ಒಡದ ಸಣ್ಣ ತೂತು ಇರಬಹುದು, ಇಂಥಾ ಪದರ ಇರಂಗಿಲ್ಲ. ಇದು ಮರಳುಗಲ್ಲು, ಹರಿಯೋ ನೀರು ಮರಳು ಹಾಸಿಕೋಂತ ಹೋದ ಗುರ್ತು. ಅಂದ್ರ ಬಾದಾಮಿ, ಗುಳೇದಗುಡ್ಡ ರೋಡ್, ಆ ಸುತ್ತಿನ ಯಾವ್ದೋ ಒಂದು.

ಮೂಲ್ಯಾಗ ಗಾರಿ ಅರಿಯೋ ಗಾಣ, ಕಲ್ಲಿನ ಗಾಲಿ, ಒಂದ ಎತ್ತು, ಎತ್ತಿಗೆ ಎರಡು ತಲಿ. ದೋಸ್ತ ನಕ್ಕ, ನಾನು ಸ್ಕೇಲ್ ತಗೊಂಡೆ. ಎತ್ತು ತಾಸಿಗೆ 3 ಕಿಲೋಮೀಟರ್ ನಡೀತೈತಿ ಅಂತ ಹಿಡದ್ರ ಸೆಕೆಂಡಿಗೆ 80 ಸೆಂಟಿಮೀಟರ್ ಚಿಲ್ಲರ, ಎರಡು ತಲಿ ನಡುವಿನ ಮಬ್ಬು ಸುಮಾರು 40 ಸೆಂಟಿಮೀಟರ್, ಅಂದ್ರ ಕ್ಯಾಮೆರಾ ಕಣ್ಣು ಹತ್ರಹತ್ರ ಅರ್ಧ ಸೆಕೆಂಡು ತೆರದಿತ್ತು. ಆಳು ಎಲ್ಲಾ ಉಸರು ಹಿಡದು ನಿಂತಾರ, ಎತ್ತಿಗೆ ಯಾರು ಹೇಳಬೇಕು. ಗಾಣದಾಗಿನ ಗಾರಿ ಸುಣ್ಣದ್ದು. ಸುಣ್ಣಕಲ್ಲಿಗೆ ಈ ಜಿಲ್ಲಾದಾಗ ಬರ ಇಲ್ಲ, ಅದನ್ನ ಸುಮಾರು 900 ಡಿಗ್ರಿಗೆ ಸುಟ್ರ ಕಾರ್ಬನ್ ಡೈಆಕ್ಸೈಡ್ ಬಿಟ್ಟುಹೋಗ್ತೈತಿ, ನೀರು ಹಾಕಿ ಅರದು ಗ್ವಾಡಿಗೆ ಮೆತ್ತಿದ ಮ್ಯಾಲ ಅದು ಗಾಳ್ಯಾಗಿನ ಅದೇ ಅನಿಲ ವಾಪಸ್ ಜಗ್ಗಿ ಮತ್ತ ಕಲ್ಲಾಗ್ತೈತಿ, ನಿಧಾನಕ್ಕ, ದಪ್ಪ ಗ್ವಾಡಿ ಒಳಗ ವರ್ಷಗಟ್ಟಲೆ. ಫೋಟೋ ತಗಿಯೂಮುಂದ ಆ ಗ್ವಾಡಿ ಇನ್ನೂ ಹಸಿ.

ತಿಂಗಳು? ಮಂದಿ ನೆಳ್ಳೆಲ್ಲ ಕಾಲಬುಡಕ್ಕ ಮುದುಡೇತಿ. ಬಾದಾಮಿ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಾಗ ಐತಿ. ಡಿಸೆಂಬರ್ ನಡುಮಧ್ಯಾನ ಅಲ್ಲಿ 1.65 ಮೀಟರ್ ಮನಷ್ಯಾನ ನೆಳ್ಳು 1.3 ಮೀಟರ್ ದಾಟ್ತೈತಿ. ಮೇ ಮೊದಲ ವಾರ ಮತ್ತ ಆಗಸ್ಟ್ ಎರಡನೇ ವಾರದ ಹತ್ರ ಸೂರ್ಯ ನಡುನೆತ್ತಿ ಮ್ಯಾಲ ಬರ್ತಾನ, ನಡುವಿನ ಜೂನ್‌ದಾಗಂತೂ ಮಧ್ಯಾನದ ನೆಳ್ಳು ದಕ್ಷಿಣಕ್ಕ ಬೀಳ್ತೈತಿ, ಸಾಲ್ಯಾಗ ಕಲಿತದ್ದಕ್ಕ ಉಲ್ಟಾ. ಮೇ ಹಿಡೀಬೇಕೋ ಆಗಸ್ಟ್ ಹಿಡೀಬೇಕೋ ಅಂತ ಜಗಳಾಡಕೋಂತ ಕುಂತಾಗ ದೋಸ್ತನ ಅವ್ವ ಚಾ ತಂದಾಕಿ ಫೋಟೋ ನೋಡಿ, "ಎರಿ ಹೊಲ ಬಾಯಿ ಬಿಟ್ಟೈತಲ್ಲೋ, ಮಳಿ ಎಲ್ಲೈತಿ" ಅಂದ್ಲು. ಖರೇನ, ಮುಂದಿನ ಹೊಲದಾಗ ಕೈ ಹೋಗುವಷ್ಟು ಬಿರಕು. ಎರಿಮಣ್ಣು ನೀರು ಕುಡದು ಉಬ್ಬತೈತಿ, ಒಣಗಿದ್ರ ಸೀಳತೈತಿ, ನಾಕು ಮಳಿ ಆದ್ರ ಬಿರಕು ಮುಚ್ಚಿಹೋಗ್ತೈತಿ. ಹಂಗಾರ ಮಳಿಗಿಂತ ಮೊದ್ಲು, ಏಪ್ರಿಲ್ ಕೊನಿ ಇಲ್ಲಾ ಮೇ.

ಮುಂದಿನ ಐತವಾರ ಟೇಪ್ ತಗೊಂಡು ಆ ಕಡಿದೊಂದು ಸ್ಟೇಷನ್ನಿಗೆ ಹೋದ್ವಿ. ಹಳೇ ಕಟ್ಟಡ ಒಂದು ಮೂಲ್ಯಾಗ ಉಳದಿತ್ತು. ಚೌಕಟ್ಟು ಅಳದ್ರ 2.4 ಮೀಟರ್, ಒಂದೆರಡು ಸೆಂಟಿಮೀಟರ್ ಹೆಚ್ಚುಕಮ್ಮಿ. ನಾವಿಬ್ರೂ ಕುಣಿಯೂದೊಂದು ಬಾಕಿ. ಅಲ್ಲೇ ಬೀಡಿ ಸೇದಕೋಂತ ಕುಂತಿದ್ದ ರಿಟೈರ್ಡ್ ಪಾಯಿಂಟ್ಸ್‌ಮನ್ (ರೈಲಿನ ಹಳಿ ಬದಲಿಸೋ ಕೆಲಸದವ್ರು) ಒಬ್ರು ಫೋಟೋ ಇಸ್ಕೊಂಡು ನೋಡಿ ಅಂದ್ರು, "ಮುಂದಿನ ಸ್ಟೇಷನ್ನಿಂದೂ ಇಷ್ಟ ಐತ್ರೆಪಾ, ಅದರ ಮುಂದಿಂದೂ. ಎಲ್ಲಾ ಒಂದ ನಕ್ಷೆದ್ದು."